ಗೋಡೆಯ ಮೇಲೆ ಸಾವಿರ ವರ್ಷ: ಮಧ್ಯಯುಗದ ಕಾಲಪಟ್ಟಿಯನ್ನು ಏಳು ವರ್ಷ ಬಳಸಿದ ಮೇಲೆ

2018ರ ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಈ ಕಾಲಪಟ್ಟಿಯನ್ನು ತರಿಸಿಕೊಂಡೆ. ಲ್ಯಾಮಿನೇಷನ್ ಮಾಡಿದ ಹತ್ತು ಅಡಿ ಉದ್ದದ ಕಾಗದ. ಪಶ್ಚಿಮ ರೋಮ್ ಸಾಮ್ರಾಜ್ಯ ಕುಸಿದ ಕ್ರಿ.ಶ. 476ರಿಂದ ಕೊಲಂಬಸ್ ಹಡಗೇರಿದ 1492ರವರೆಗೆ ಯುರೋಪ್, ಪಶ್ಚಿಮ ಏಷ್ಯಾ, ಭಾರತ, ಚೀನಾಗಳಿಗೆ ಒಂದೊಂದು ಸಾಲು. ಏಳು ವರ್ಷಗಳಿಂದ ನನ್ನ ಒಂಬತ್ತನೇ ತರಗತಿಯ ಗೋಡೆಯ ಮೇಲಿದೆ.

ಇದರ ದೊಡ್ಡ ಗುಣ ಆ ನಾಲ್ಕು ಸಾಲುಗಳೇ. ಪಾಠಗಳು ಒಂದಾದ ಮೇಲೊಂದು ಬರುವುದರಿಂದ, ಯುರೋಪಿನ ಕಥೆ ಮುಗಿದ ಮೇಲೆ ಅರಬರ ಕಥೆ ಶುರುವಾಯಿತು ಎಂದೇ ಮಕ್ಕಳು ತಿಳಿಯುತ್ತಾರೆ. ನಾನು ಮರದ ಸ್ಕೇಲನ್ನು 800ರ ಮೇಲೆ ನೇರವಾಗಿ ನಿಲ್ಲಿಸುತ್ತೇನೆ. ಮೇಲಿನ ಸಾಲಿನಲ್ಲಿ ರೋಮ್‌ನಲ್ಲಿ ಪೋಪ್ ಮೂರನೆಯ ಲಿಯೋ ಫ್ರಾಂಕರ ದೊರೆ ಶಾರ್ಲಮೇನ್‌ಗೆ ಕಿರೀಟ ತೊಡಿಸುತ್ತಿದ್ದಾನೆ. ಅದರ ಕೆಳಗೆ ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದ್, ಅವನ ಕೆಳಗೆ ನಮ್ಮ ರಾಷ್ಟ್ರಕೂಟ ಮೂರನೆಯ ಗೋವಿಂದ, ಕೊನೆಗೆ ಟಾಂಗ್ ಮನೆತನ. ಹಾರೂನ್ ಕಳುಹಿಸಿದ ಆನೆಯೊಂದು 802ರಲ್ಲಿ ಶಾರ್ಲಮೇನ್‌ನ ಆಖನ್ ಅರಮನೆಯನ್ನು ತಲುಪಿತು ಎಂದು ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಗೋಡೆಯ ಹತ್ತಿರ ಬರುತ್ತಾರೆ. ಹಾಗೆಯೇ 1443: ಇಂದಿನ ಅಫ್ಘಾನಿಸ್ತಾನದ ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬರುತ್ತಾನೆ, ಮೇಲಿನ ಸಾಲಿನಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗಲು ಇನ್ನು ಹತ್ತೇ ವರ್ಷ.

1347ರಿಂದ 1351ರವರೆಗೆ ಯುರೋಪಿನ ಸಾಲಿನಲ್ಲಿ ಒಂದು ಕಪ್ಪು ಪಟ್ಟಿ ಇದೆ, ಪ್ಲೇಗ್. ಮೊದಲ ವರ್ಷಗಳಲ್ಲಿ ಮಕ್ಕಳು ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಕೊರೊನಾ ಕಳೆದು ಶಾಲೆ ತೆರೆದ ವರ್ಷ ಎಲ್ಲರ ಬೆರಳೂ ಅಲ್ಲೇ ನಿಂತಿತು. ಕಪ್ಪುಸಮುದ್ರದ ದಡದ ಕಾಫಾದಿಂದ ಹೊರಟ ಹಡಗುಗಳ ಜೊತೆ ರೋಗ ಸಿಸಿಲಿಯ ಮೆಸ್ಸೀನಾಕ್ಕೆ ಬಂದ ದಾರಿಯನ್ನು ಭೂಪಟದಲ್ಲಿ ಗೆರೆ ಎಳೆದು ತೋರಿಸಿದೆ. ರಗೂಸಾ ಬಂದರು (ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್) 1377ರಲ್ಲಿ ರೋಗವಿದ್ದ ಕಡೆಯಿಂದ ಬಂದವರನ್ನು ಮೂವತ್ತು ದಿನ ಹೊರಗೇ ಇರಿಸುವ ನಿಯಮ ಮಾಡಿತು. ಆ ಅವಧಿ ಮುಂದೆ ನಲವತ್ತಾಯಿತು, ಇಟಲಿಯವರ ಆ ನಲವತ್ತರಿಂದಲೇ ಕ್ವಾರಂಟೈನ್ ಎಂಬ ಮಾತು ಬಂತು ಎಂದೆ. ತಂದೆ ಹದಿನಾಲ್ಕು ದಿನ ಮನೆಯ ಹಿಂದಿನ ಕೋಣೆಯಲ್ಲಿದ್ದುದನ್ನು ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು. ಆ ದಿನ ಪಾಠ ಅಲ್ಲಿಗೇ ನಿಂತಿತು. ನಿಲ್ಲಬೇಕಾದದ್ದೇ.

ಇನ್ನು ಕೊರತೆಗಳು. ಇಂಗ್ಲೆಂಡಿನ ಜಾನ್ ದೊರೆ ತನ್ನ ಅಧಿಕಾರಕ್ಕೆ ಮಿತಿ ಒಪ್ಪಿ ಮುದ್ರೆ ಒತ್ತಿದ ಮ್ಯಾಗ್ನಾ ಕಾರ್ಟಾ ಸನ್ನದಿನ ವರ್ಷವನ್ನು 1215ರ ಬದಲು 1251 ಎಂದು ಅಚ್ಚು ಹಾಕಿದ್ದಾರೆ. ನನ್ನ ಕಣ್ಣಿಗೆ ಬೀಳದ ಈ ತಪ್ಪನ್ನು ಹಿಡಿದವನು ಒಬ್ಬ ವಿದ್ಯಾರ್ಥಿ: ‘ಜಾನ್ ದೊರೆ 1216ರಲ್ಲಿ ತೀರಿಕೊಂಡ ಎಂದು ಪಕ್ಕದಲ್ಲೇ ಬರೆದಿದೆಯಲ್ಲ ಸರ್, ಆಮೇಲೆ ಮುದ್ರೆ ಒತ್ತಿದವರು ಯಾರು?’ ಪ್ರಕಾಶಕರಿಗೆ ಎರಡು ಸಲ ಪತ್ರ ಬರೆದರೂ ಉತ್ತರ ಬರಲಿಲ್ಲ. ಮಕ್ಕಳ ಕೈಗೆ ಹೋಗುವ ವಸ್ತುವಿನಲ್ಲಿ ಇಂಥ ಉದಾಸೀನ ಸಲ್ಲದು. ಬಿಳಿ ಚೀಟಿ ಅಂಟಿಸಿ ಆ ಹುಡುಗನ ಕೈಯಲ್ಲೇ ಸರಿಯಾದ ವರ್ಷ ಬರೆಯಿಸಿದೆ.

ಆಫ್ರಿಕಾಕ್ಕೆ ಸಾಲೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ಲೋಪ. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟು ಕೈರೋದಲ್ಲಿ ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಇಳಿಯಿತು. ಅಂಥ ನಾಡನ್ನು ಬಿಟ್ಟರೆ ಪ್ರಪಂಚದ ಚರಿತ್ರೆ ಹೇಗಾದೀತು? ಹಳದಿ ಡ್ರಾಯಿಂಗ್ ಶೀಟ್ ಕತ್ತರಿಸಿ ಐದನೆಯ ಸಾಲನ್ನು ನಾವೇ ಜೋಡಿಸಿದ್ದೇವೆ.

ಬಾಳಿಕೆ ಚೆನ್ನಾಗಿದೆ. ಕಿಟಕಿಯ ಕಡೆಯ ತುದಿಯಲ್ಲಿ ಮಾತ್ರ ಮಳೆಗಾಲದ ತೇವಕ್ಕೆ ಲ್ಯಾಮಿನೇಷನ್ ಬಿಟ್ಟುಕೊಂಡು 1453ರ ಅಕ್ಷರಗಳು ಮಸುಕಾಗಿವೆ. ಕೊಳ್ಳುವವರು ಒಳಗೋಡೆಗೇ ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಕಟ್ಟಿ, ಕೆಳಗೆ ಒಂದಡಿ ಜಾಗ ಖಾಲಿ ಬಿಡಿ. ನಮ್ಮ ಐದನೆಯ ಸಾಲು ಈಗ ಆ ಜಾಗವನ್ನೂ ಮೀರಿ ಬೆಳೆಯುತ್ತಿದೆ.