ಮುದಿ ನಾಯಿಗೆ ಗಾಲಿಗಾಡಿ ಮಾಡಿಸುವವರೇ, ಪೂರ್ತಿ ಹಣ ಮುಂಗಡ ಕೊಡಬೇಡಿ

ದಾವಣಗೆರೆಯಲ್ಲಿ ವಯಸ್ಸಾದ ನಾಯಿ ಸಾಕಿರುವವರು, ಅದರಲ್ಲೂ ಹಿಂಗಾಲು ಸೋತ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಇರುವವರು ದಯವಿಟ್ಟು ಇದನ್ನು ಓದಬೇಕು. ನನ್ನ 8,500 ರೂಪಾಯಿ ಹೋಯಿತು. ಹಣ ಹೋದದ್ದಕ್ಕಿಂತ ನಮ್ಮ ಕರಿಯನ ತೊಡೆಯ ಮೇಲೆ ಎದ್ದ ಹುಣ್ಣು ನನಗೆ ಹೆಚ್ಚು ಸಂಕಟ ಕೊಟ್ಟಿದೆ.

ಕರಿಯನಿಗೆ 12 ವರ್ಷ, ತೂಕ 34 ಕೆ.ಜಿ. ನಿಟುವಳ್ಳಿಯ ನಮ್ಮ ಮನೆಗೆ ಟೈಲ್ಸ್ ಹಾಕಿಸಿದ ಮೇಲೆ, ಅವನು ಏಳಲು ಹೋದಾಗಲೆಲ್ಲ ಹಿಂಗಾಲುಗಳು ಆಚೀಚೆ ಜಾರಿ ಕುಸಿದು ಕೂರುತ್ತಿದ್ದನು. ನಾಯಿ ಸಾಮಾನಿನ ಅಂಗಡಿಯವರೊಬ್ಬರು ಸೋತ ಹಿಂಗಾಲಿಗೆ ಆಸರೆಯಾಗಿ ಕಟ್ಟುವ ಗಾಲಿಗಾಡಿಯನ್ನು ಅವನ ಅಳತೆಗೇ ಮಾಡಿಸಿಕೊಡುವುದಾಗಿ ನಂಬಿಸಿ ಪೂರ್ತಿ ಹಣ ಪಡೆದರು. ನನ್ನ ಹೆಂಡತಿ ಅವನ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿದಿದ್ದಾಗ, ನಾನು ದರ್ಜಿಯ ಟೇಪಿನಿಂದ ನೆಲದಿಂದ ತೊಡೆಸಂದಿಯವರೆಗಿನ ಎತ್ತರ, ಸೊಂಟದ ಅಗಲ, ಬೆನ್ನಿನ ಉದ್ದ ಎಲ್ಲವನ್ನೂ ಅಳೆದು ಬರೆದುಕೊಟ್ಟಿದ್ದೆ.

ಮೂರು ವಾರಗಳ ಬಳಿಕ ಪೆಟ್ಟಿಗೆ ಬಂದಿತು. ಕಂಬಿಗೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿದಾಗ ಒಂದು ಸ್ಟಿಕರ್ ಕಂಡಿತು: 'ಎಂ, 15-25 ಕೆ.ಜಿ.' ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಾನು ಬರೆದುಕೊಟ್ಟ ಅಳತೆಯ ಚೀಟಿ ಬಿಲ್ಲಿಗೆ ಪಿನ್ ಹೊಡೆದ ಸ್ಥಿತಿಯಲ್ಲಿ, ಮಡಿಕೆಯನ್ನೂ ಬಿಚ್ಚದೆ, ಅದೇ ಪೆಟ್ಟಿಗೆಯಲ್ಲಿ ವಾಪಸ್ ಬಂದಿತ್ತು! ಫೋನ್ ಮಾಡಿ ಕೇಳಿದರೆ, "ಎಂ ಅಂದ್ರೆ ಮಾಡೆಲ್ ರೀ ಸರ್" ಎಂದರು. 25 ಕೆ.ಜಿ. ಎಂದಿದೆಯಲ್ಲ ಎಂದರೆ, "ನಿಮ್ಮ ನಾಯಿನೇ ದಪ್ಪ ಐತಿ, ರೂಢಿ ಆಗ್ತತಿ ಬಿಡ್ರಿ" ಎಂದರು. ಸ್ಟಿಕರ್ ಕಣ್ಣೆದುರಿಗಿದ್ದರೂ ಆ ಮಾತಿಗೆ ತಲೆಯಾಡಿಸಿ ಎರಡು ದಿನ ಅದನ್ನು ಕಟ್ಟಿದ್ದು ನನ್ನ ತಪ್ಪು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಮೊದಲೇ ಹೋಗಬೇಕಿದ್ದ ಪಶುವೈದ್ಯರ ಬಳಿಗೆ ಹುಣ್ಣಾದ ಮೇಲೆ ಹೋದೆ. ಅವರು ಮುಂಗಾಲಿನ ಮೊಣಕೈ ಮಡಿಸಿದ ಕೂಡಲೇ ಕರಿಯ ಕಾಲು ಕಿತ್ತುಕೊಂಡನು. ಅಲ್ಲಿಯೂ ಸಂಧಿವಾತ. ಹಿಂದೆ ಎರಡೇ ಗಾಲಿಯಿರುವ ಗಾಡಿ ಮುಂಗಾಲು ಗಟ್ಟಿಯಿರುವ ನಾಯಿಗೆ ಮಾತ್ರ ಹೊಂದುತ್ತದೆಂದು ಅವರು ತಿಳಿಸಿದರು. ಅಂಗಡಿಯವರು ಮುಂಗಾಲಿನ ವಿಚಾರವನ್ನೇ ಎತ್ತಿರಲಿಲ್ಲ. ಬದಲಿಗೆ ನಾವು ನುಂಗುವ ನೋವಿನ ಮಾತ್ರೆಯಲ್ಲಿ ಅರ್ಧ ಹಾಕಲು ಹೇಳಿದ್ದರು. ಐಬುಪ್ರೊಫೆನ್, ಡೈಕ್ಲೋಫಿನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ ಎಂದು ವೈದ್ಯರು ಗದರಿದಾಗ, ಪುಣ್ಯಕ್ಕೆ ಅದನ್ನಾದರೂ ಕೊಟ್ಟಿಲ್ಲವೆಂದು ನಿಟ್ಟುಸಿರು ಬಿಟ್ಟೆ.

ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ, ಗಾಡಿಯನ್ನು ನಾಯಿಗೆ ತೊಡಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಉಳಿದ ಹಣ ಕೊಡಿ. ಈಗ ನಾವು ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ರಬ್ಬರ್ ಚಾಪೆ ಹಾಸಿ, ಅವನ ಉಗುರನ್ನೂ ಪಾದದಡಿಯ ಕೂದಲನ್ನೂ ಕತ್ತರಿಸಿದ್ದೇವೆ. ಹೊರಗೆ ಹೋಗುವಾಗ ಅದೇ ಹಳೆಯ ಟವೆಲ್ಲೇ ಆಸರೆ.

ಅಳತೆಗೆ ಮಾಡಿಸಿದ್ದು, ಆದ್ದರಿಂದ ಹಣ ವಾಪಸಿಲ್ಲವಂತೆ. ಮೊನ್ನೆ ಮತ್ತೆ ಕೇಳಿದಾಗ, "ಗಾಡಿ ತಂದಿಡ್ರಿ ಸರ್, ಬೇರೆ ಯಾರಾದ್ರೂ ಅಳತೆ ಕೊಟ್ರೆ ನೋಡಣ" ಎಂದರು.