ಕೋಳಿ ಸಾರಿಗೆ ಒತ್ತು ಶಾವಿಗೆಯೋ, ಮೊಟ್ಟೆ ನೂಡಲ್ಸೋ?

ಜಗಳ ಶುರುವಾಗಿದ್ದು ವಿಡಿಯೋ ಕಾಲ್‌ನಲ್ಲಿ. ಅಕ್ಕ ಇರೋದು ಅಮೆರಿಕದ ಇಂಡಿಯಾನದಲ್ಲಿ. ಆ ಕಡೆ ಚಳಿ ಬಿತ್ತು ಅಂದರೆ ‘ಚಿಕನ್ ಅಂಡ್ ನೂಡಲ್ಸ್’ ಮಾಡುತ್ತಾರಂತೆ. ನಮ್ಮ ಬೀದಿ ಗಾಡಿಯ ನೂಡಲ್ಸ್ ಅಲ್ಲ. ಮೈದಾಗೆ ಮೊಟ್ಟೆ ಹಾಕಿ ಕಲಸಿ, ಲಟ್ಟಿಸಿ, ಚಾಕುವಿನಲ್ಲಿ ಕತ್ತರಿಸಿ, ಕೋಳಿ ಬೆಂದ ನೀರಿನಲ್ಲೇ ಬೇಯಿಸುವುದು. ತಟ್ಟೆಗೆ ಹಿಸುಕಿದ ಆಲೂಗಡ್ಡೆ ಹಾಕಿ, ಅದರ ಮೇಲೆ ಇದನ್ನು ಸುರಿದುಕೊಳ್ಳುವುದೂ ಉಂಟಂತೆ. ನಮ್ಮ ಅಮ್ಮ ಮಂಡ್ಯ ಕಡೆಯವಳು. “ಮುದ್ದೆ ಮ್ಯಾಲೆ ಶಾವ್ಗೆ ಹಾಕ್ಕಂಡ್ ತಿಂದಂಗಾಯ್ತಲ್ಲ” ಅಂತ ನಕ್ಕುಬಿಟ್ಟಳು. ಅಕ್ಕನಿಗೆ ಕೋಪ ಬಂತು. “ಮೊದಲು ಮಾಡಿ ನೋಡಿ, ಆಮೇಲೆ ಮಾತಾಡಿ” ಅಂದಳು.

ಸರಿ, ಮಾಡಿಯೇಬಿಡೋಣ ಅಂತ ಕೂತೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ, ಮಳೆ ಹಿಡಿದ ಮೂರು ಭಾನುವಾರ, ಮೂರು ಥರದ ಎಳೆ: ಅಕ್ಕನ ಮೊಟ್ಟೆ ನೂಡಲ್ಸ್, ನಮ್ಮ ಒತ್ತು ಶಾವಿಗೆ, ಅಂಗಡಿಯ ಒಣ ಶಾವಿಗೆ. ಪ್ರತಿ ಸಲ ಒಂದು ಕೆಜಿ ಫಾರಂ ಕೋಳಿ. ತಿನ್ನುವವರು ಅಮ್ಮ, ಹೆಂಡತಿ, ಏಳು ವರ್ಷದ ಮಗಳು ಮತ್ತು ನಾನು.

ಮೊದಲು ಅಕ್ಕನ ನೂಡಲ್ಸ್. ಎರಡು ಕಪ್ ಮೈದಾ, ಎರಡು ಮೊಟ್ಟೆ, ಇನ್ನೊಂದರ ಹಳದಿ ಭಾಗ, ಅರ್ಧ ಚಮಚ ಉಪ್ಪು, ಸಾಲದಿದ್ದರೆ ಒಂದೆರಡು ಚಮಚ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು. ಅರ್ಧ ಗಂಟೆ ಮುಚ್ಚಿಡಲೇಬೇಕು, ಇಲ್ಲದಿದ್ದರೆ ಲಟ್ಟಿಸಿದಷ್ಟೂ ರಬ್ಬರಿನ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತೆ. ಲಟ್ಟಿಸಿ, ಮೇಲೆ ಮೈದಾ ಉದುರಿಸಿ, ಸುರುಳಿ ಸುತ್ತಿ ಅರ್ಧ ಬೆರಳಗಲ ಕತ್ತರಿಸಿದೆ. ಬಿಡಿಸಿ ಪಂಚೆಯ ಮೇಲೆ ಹರಡಿ ಫೋನ್ ನೋಡುತ್ತಾ ಕೂತೆ. ಅದೇ ತಪ್ಪಾಗಿದ್ದು. ಮಳೆಗಾಲದ ಗಾಳಿಗೆ ಅವು ಒಣಗಲಿಲ್ಲ, ಒಂದಕ್ಕೊಂದು ಅಂಟಿಕೊಂಡವು. ಮತ್ತೆ ಮೈದಾ ಉದುರಿಸಿ ಒಂದೊಂದೇ ಬಿಡಿಸಿದ್ದಾಯಿತು.

ಕೋಳಿ ಅಂಗಡಿಯಲ್ಲಿ ಒಂದು ಮಾತು ನೆನಪಿರಲಿ. ಕೇಳದಿದ್ದರೆ ಸ್ಕಿನ್‌ಲೆಸ್ಸೇ ಕೊಡುತ್ತಾರೆ. ಈ ಅಡುಗೆಗೆ ‘ವಿತ್ ಸ್ಕಿನ್’ ಬೇಕು. ಮಸಾಲೆ ಅಂತ ಏನೂ ಇಲ್ಲವಲ್ಲ, ಈರುಳ್ಳಿ, ಕ್ಯಾರೆಟ್, ಮೆಣಸು, ಉಪ್ಪು ಅಷ್ಟೇ. ಅಕ್ಕ ಸೆಲರಿ ಅಂದಿದ್ದಳು, ನಾನು ತರಲಿಲ್ಲ. ರುಚಿಯೆಲ್ಲ ಬರುವುದು ಚರ್ಮದ ಕೊಬ್ಬು ಮತ್ತು ಮೂಳೆಯಿಂದ. ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ, ಮಾಂಸ ಬಿಡಿಸಿಕೊಂಡು, ಕುದಿಯುವ ನೀರಿಗೆ ನೂಡಲ್ಸ್ ಬಿಟ್ಟೆ. ಹತ್ತು ನಿಮಿಷ ಸಾಕು ಅಂದಿದ್ದಳು ಅಕ್ಕ, ನನಗೆ ಹದಿನಾಲ್ಕಾಯಿತು. ನಾನು ದಪ್ಪ ಲಟ್ಟಿಸಿದ್ದೂ ಇರಬಹುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ತಪ್ಪನ್ನು ಅದರ ಮೇಲೆ ಹಾಕಿದೆ.

ಕೊನೆಯ ಐದು ನಿಮಿಷದಲ್ಲಿ ಪಾತ್ರೆಯೊಳಗೆ ಆಗಿದ್ದು ಮಾತ್ರ ಚೆಂದ. ಎಳೆಗೆ ಅಂಟಿದ್ದ ಮೈದಾ ನೀರಿಗೆ ಬಿಟ್ಟು, ತೆಳ್ಳಗಿದ್ದ ಸಾರು ತಾನೇ ಗಟ್ಟಿಯಾಗಿ, ಗಂಜಿಗೂ ಸಾರಿಗೂ ನಡುವಿನ ಹದಕ್ಕೆ ಬಂತು. ಮೇಲೆ ಹಳದಿ ಕೊಬ್ಬಿನ ಕಣ್ಣುಗಳು. ಮಗಳು ಖಾರ ಇಲ್ಲ ಅಂತ ಎರಡು ಬಟ್ಟಲು ತಿಂದಳು. ಅಮ್ಮ ಒಂದು ತುತ್ತು ತಿಂದು, “ಏನ್ಲಾ ಇದು, ಚಪಾತಿ ಕತ್ರಿಸಿ ಸಾರ್ಗೆ ಹಾಕ್ದಂಗದೆ” ಅಂದು ಉಪ್ಪಿನಕಾಯಿ ಕೇಳಿದಳು. ಆದರೆ ಬಟ್ಟಲು ಖಾಲಿ ಮಾಡಿದಳು, ಅದನ್ನೂ ಹೇಳಬೇಕು.

ಮುಂದಿನ ಭಾನುವಾರ ಒತ್ತು ಶಾವಿಗೆ. ಇದರ ದಾರಿ ಪೂರ್ತಿ ಉಲ್ಟಾ. ಗೋಧಿಯಲ್ಲಿ ಜಿಗುಟು ಇದೆ, ಅದಕ್ಕೇ ಹಸಿ ಹಿಟ್ಟನ್ನೇ ಲಟ್ಟಿಸಿ ಕತ್ತರಿಸಬಹುದು, ಆಮೇಲೆ ಬೇಯಿಸಬಹುದು. ಅಕ್ಕಿಯಲ್ಲಿ ಅದಿಲ್ಲ. ಹಸಿ ಅಕ್ಕಿ ಹಿಟ್ಟನ್ನು ಎಳೆ ಮಾಡಿ ನೀರಿಗೆ ಬಿಟ್ಟರೆ ಕರಗಿ ಹೋಗುತ್ತೆ. ಹಾಗಾಗಿ ಮೊದಲೇ ಬೇಯಿಸಬೇಕು, ಬೆಂದ ಮೇಲೆ ಒತ್ತಬೇಕು. ಎಸರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಅಕ್ಕಿ ಹಿಟ್ಟು ಸುರಿದು ಮುದ್ದೆಯ ಹಾಗೆ ತೊಳಸಿ, ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಹಬೆಯಲ್ಲಿಡಬೇಕು. ಆಮೇಲೆ ಶಾವಿಗೆ ಒತ್ತುವ ಒರಳಿಗೆ.

ಒರಳಿನ ವಿಷಯಕ್ಕೆ ಬಂದರೆ, ಚಕ್ಕುಲಿ ಒರಳಲ್ಲೇ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕನೇ ಉಂಡೆಗೆ ನನ್ನ ಅಂಗೈ ಕೆಂಪಾಯಿತು. ಅಮ್ಮ ಅಟ್ಟದಿಂದ ಮೂರು ಕಾಲಿನ ತಿರುಪಿನ ಒರಳು ಇಳಿಸಿದಳು. ಆಗ ಕೆಲಸ ಸಲೀಸಾಯಿತು. ಆದರೂ ಒಬ್ಬರಿಂದ ಆಗಲ್ಲ. ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಸುತ್ತಿಸಿ ಎಳೆ ಹಿಡಿಯಬೇಕು. ಉಂಡೆ ಬಿಸಿ ಇರುವಾಗಲೇ ಮುಗಿಸಬೇಕು. ನಡುವೆ ಯಾರೋ ಬೆಲ್ ಮಾಡಿದರು ಅಂತ ನಾನು ಎದ್ದು ಹೋದೆ. ವಾಪಸ್ ಬರುವಷ್ಟರಲ್ಲಿ ಒಳಗಿದ್ದದ್ದು ಆರಿ ಕಲ್ಲಾಗಿತ್ತು. ತಿರುಪು ಒಂದಿಷ್ಟೂ ಕದಲಲಿಲ್ಲ. ಅಮ್ಮ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲ್ಲ.

ಸಾರು ಅಮ್ಮನದೇ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ತೆಂಗಿನಕಾಯಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ಒಂದು ಹಿಡಿ ಹುರಿಗಡಲೆ. ಮುದ್ದೆಗಾದರೆ ಗಟ್ಟಿ ಇರಲಿ, ಶಾವಿಗೆಗೆ ಒಂದು ಲೋಟ ನೀರು ಜಾಸ್ತಿ ಬೇಕು. ಎಳೆಗಳ ಸಂದಿಗೆಲ್ಲ ಇಳಿಯಬೇಕಲ್ವಾ? ಬಿಸಿ ಶಾವಿಗೆಯ ಮೇಲೆ ಸೌಟಿನಲ್ಲಿ ಹುಯ್ದಾಗ ಬಿಳಿ ಗೂಡು ಒಂದು ಕ್ಷಣ ಹಾಗೇ ನಿಂತು, ನಿಧಾನವಾಗಿ ಕೆಂಪಾಗುತ್ತಾ ಕುಸಿಯುತ್ತೆ. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಗಳಿಗೆ ಮಾತ್ರ ಸಾರಿನ ಬದಲು ಕಾಯಿಹಾಲು, ಬೆಲ್ಲ.

ಮೂರನೇ ವಾರ ಅಂಗಡಿಯ ಒಣ ಶಾವಿಗೆ. ಇದಕ್ಕೆ ಜಾಸ್ತಿ ಮಾತು ಬೇಡ. ಹತ್ತು ನಿಮಿಷದಲ್ಲಿ ಆಯಿತು, ಹತ್ತು ನಿಮಿಷದಲ್ಲಿ ಮರೆತೂ ಹೋಯಿತು. ಸಾರು ಒಂದು ಕಡೆ, ಶಾವಿಗೆ ಒಂದು ಕಡೆ, ಎರಡಕ್ಕೂ ಪರಿಚಯವೇ ಇಲ್ಲ.

ಉಳಿದದ್ದರ ಕಥೆಯಲ್ಲೂ ವ್ಯತ್ಯಾಸ ಇದೆ. ನೂಡಲ್ಸ್ ರಾತ್ರಿಯೊಳಗೆ ಸಾರನ್ನೆಲ್ಲ ಕುಡಿದು ಊದಿಕೊಂಡು, ಬೆಳಿಗ್ಗೆ ಫ್ರಿಜ್‌ನಲ್ಲಿ ಗಟ್ಟಿ ಮುದ್ದೆಯಾಗಿ ಕೂತಿತ್ತು. ನೀರು ಹಾಕಿ ಬಿಸಿ ಮಾಡಿದರೆ ತಿನ್ನಬಹುದು, ಆದರೆ ಎಳೆ ಅನ್ನೋದು ಇರಲ್ಲ. ಶಾವಿಗೆಯನ್ನು ಬೇರೆ ಇಟ್ಟಿದ್ದರಿಂದ ಬೆಳಿಗ್ಗೆ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದೆವು. ಸಾರಂತೂ ಮರುದಿನವೇ ರುಚಿ.

ಹಾಗಾದರೆ ನಮ್ಮ ಮನೆಯಲ್ಲಿ ಯಾವುದು? ಅಮ್ಮ ಇದ್ದಾಗ, ಕೈಗೆ ಕೈ ಕೊಡುವವರು ಇದ್ದಾಗ ಒತ್ತು ಶಾವಿಗೆಯೇ, ಎರಡನೇ ಮಾತಿಲ್ಲ. ಆದರೆ ಅಕ್ಕನ ನೂಡಲ್ಸನ್ನು ಬಿಟ್ಟಿಲ್ಲ. ಹೋದ ವಾರ ಮಗಳಿಗೆ ನೆಗಡಿ, ಜ್ವರ. ಅಮ್ಮ ಊರಲ್ಲಿದ್ದಳು, ಹೆಂಡತಿ ಆಫೀಸಿನಲ್ಲಿ. ಒಬ್ಬನೇ ಲಟ್ಟಿಸಿ, ಒಂದೇ ಪಾತ್ರೆಯಲ್ಲಿ ಮಾಡಿ ಕೊಟ್ಟೆ. ಒಂದೇ ಬದಲಾವಣೆ, ಕೊನೆಯಲ್ಲಿ ತುಪ್ಪಕ್ಕೆ ಕುಟ್ಟಿದ ಮೆಣಸು, ಬೆಳ್ಳುಳ್ಳಿ ಹಾಕಿದ ಒಗ್ಗರಣೆ. ಆಲೂಗಡ್ಡೆ ಮಾತ್ರ ಈವರೆಗೂ ಹಾಕಿಲ್ಲ.

ಅಕ್ಕನಿಗೆ ಫಲಿತಾಂಶ ಹೇಳಿದೆ. ಅವಳು ವಾದ ಮಾಡಲಿಲ್ಲ. ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗೋಕೆ, ಆ ಮೂರು ಕಾಲಿನ ಒರಳು ಎಷ್ಟು ತೂಕ ಬರುತ್ತೆ ಅಂತ ಕೇಳಿದಳು. ಹಳೇ ಪೇಪರ್ ತೂಗುವ ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದೆ. 3 ಕೆಜಿ 200 ಗ್ರಾಂ. “ಅದ್ ಕೊಡಕಿಲ್ಲ, ಅವ್ಳಿಗೆ ಹೊಸದು ಕೊಡ್ಸು” ಅಂದಳು ಅಮ್ಮ ಒಳಗಿಂದ.