ಹಿತ್ತಲಿನ ಟರ್ಫ್ ಅಂಕಣ: ಐದು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಮನೆಯ ಹಿತ್ತಲಿನಲ್ಲಿ ಕೃತಕ ಹುಲ್ಲಿನ ಆಟದ ಅಂಕಣ ಹಾಕಿಸಿ ಐದು ವರ್ಷ ದಾಟಿದೆ. ಹೊಸದರಲ್ಲಿ ಬರೆದ ವಿಮರ್ಶೆಗಳು ಹೆಚ್ಚಾಗಿ ಹಾಸಿನ ಹಸಿರನ್ನೂ ಮೆತ್ತನೆಯ ಸ್ಪರ್ಶವನ್ನೂ ಹೊಗಳುತ್ತವೆ. ಮೊದಲ ವರ್ಷದಲ್ಲಿ ಇವೆರಡೂ ಬಹುತೇಕ ಎಲ್ಲ ಹಾಸುಗಳಲ್ಲೂ ಚೆನ್ನಾಗಿಯೇ ಇರುತ್ತವೆ. ಮಳೆನೀರು ಎಲ್ಲಿ ನಿಲ್ಲುತ್ತದೆ, ಚೆಂಡು ಎಲ್ಲ ಕಡೆಯೂ ಒಂದೇ ರೀತಿ ಪುಟಿಯುತ್ತದೆಯೇ, ಬಿಸಿಲಿನಲ್ಲಿ ಅದರ ಮೇಲೆ ಕಾಲಿಡಲು ಆಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ನಿಧಾನವಾಗಿ. ಆ ಉತ್ತರಗಳನ್ನು ನಿರ್ಧರಿಸುವುದು ಕಣ್ಣಿಗೆ ಕಾಣುವ ಹುಲ್ಲಿಗಿಂತ ಅದರ ಕೆಳಗೆ ಹುದುಗಿರುವ ತಳಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಅಂಕಣದ ಗೆರೆಗಳು ಬ್ಯಾಡ್ಮಿಂಟನ್ ಡಬಲ್ಸ್ ಅಳತೆಯವು, ಅಂದರೆ 13.4 ಮೀಟರ್ ಉದ್ದ ಮತ್ತು 6.1 ಮೀಟರ್ ಅಗಲ. ಸುತ್ತಲೂ ಓಡಾಡಲು ಜಾಗ ಬಿಟ್ಟಿದೆ. ಹುಲ್ಲಿನ ಎಳೆಯ ಎತ್ತರ 15 ಮಿಲಿಮೀಟರ್, ಎಳೆಗಳ ನಡುವೆ ತುಂಬಿರುವುದು ಸಿಲಿಕಾ ಮರಳು. ಫುಟ್‌ಬಾಲ್ ಮೈದಾನಗಳಲ್ಲಿ ಕಾಣುವ 40ರಿಂದ 60 ಮಿಲಿಮೀಟರ್ ಎತ್ತರದ ಹುಲ್ಲು ನೋಡಲು ಹೆಚ್ಚು ಸೊಗಸಾಗಿದ್ದರೂ, ಅದರಲ್ಲಿ ಚಿಕ್ಕ ಚೆಂಡು ಪುಟಿಯದೆ ಹೂತುಕೊಳ್ಳುತ್ತದೆ. ಚೆಂಡು ಪುಟಿಯಬೇಕಾದ ಆಟಗಳಿಗೆ ಗಿಡ್ಡ ಎಳೆಯೇ ಸರಿ. ಗೋಡೆಗಳ ನಡುವೆ ಆಡುವ, ಟೆನಿಸ್ಸನ್ನು ಹೋಲುವ ಪಾಡೆಲ್ ಆಟದ ಅಂಕಣಗಳಲ್ಲಿಯೂ ಮರಳು ತುಂಬಿದ ಗಿಡ್ಡ ಹಾಸನ್ನೇ ಬಳಸುತ್ತಾರೆ.

ಕೆಲಸದ ಬಹುಪಾಲು ಸಮಯ ಹೋದದ್ದು ಹಾಸು ಬರುವ ಮೊದಲೇ. ಮೇಲ್ಮಣ್ಣನ್ನೂ ಬೇರುಗಳನ್ನೂ ತೆಗೆದು, ನೆಲಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಇಳಿಯಬಿಟ್ಟು, ಮಣ್ಣು ಜಲ್ಲಿಯೊಂದಿಗೆ ಬೆರೆಯದಂತೆ ತಡೆಯುವ ಬಟ್ಟೆ) ಹೊದಿಸಿ, ಅದರ ಮೇಲೆ ಸುಮಾರು 100 ಮಿಲಿಮೀಟರ್ ಜಲ್ಲಿಯನ್ನು ಪದರ ಪದರವಾಗಿ ಸುರಿದು, ಪ್ರತಿ ಪದರವನ್ನೂ ಯಂತ್ರದಿಂದ ದಮ್ಮಸ್ಸು ಮಾಡಿ, ಕೊನೆಗೆ ಸಣ್ಣ ಕಲ್ಲುಪುಡಿಯಿಂದ ಮಟ್ಟ ಮಾಡಿದರು. ಒಂದು ಬದಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟಿದ್ದಾರೆ. ಆಡುವಾಗ ಅದು ಗೊತ್ತಾಗುವುದೇ ಇಲ್ಲ, ಆದರೆ ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೆ ಅಂಕಣ ಆಟಕ್ಕೆ ಸಿದ್ಧವಾಗುತ್ತದೆ. ದಮ್ಮಸ್ಸು ಸರಿಯಾಗಿ ಆಗದ ಕಡೆ ನೆಲ ಕುಸಿದು ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರೂ ಸಣ್ಣ ಮಣ್ಣೂ ಸೇರುತ್ತವೆ, ಅಲ್ಲಿಂದ ಪಾಚಿ ಶುರುವಾಗುತ್ತದೆ. ಹಾಸನ್ನು ಕಿತ್ತೆಬ್ಬಿಸದೆ ಇದನ್ನು ದುರಸ್ತಿ ಮಾಡಲು ಬರುವುದಿಲ್ಲ. ಆದ್ದರಿಂದ ಯಾರೇ ದರಪಟ್ಟಿ ಕೊಟ್ಟರೂ ಹುಲ್ಲಿನ ಮಾದರಿಗಿಂತ ಮೊದಲು ಜಲ್ಲಿಯ ದಪ್ಪ ಮತ್ತು ಇಳಿಜಾರಿನ ದಿಕ್ಕು ಬರಹದಲ್ಲಿ ಇದೆಯೇ ಎಂದು ನೋಡಬೇಕು.

ಹಾಸಿನ ಸುರುಳಿಗಳ ಅಗಲ ಸಾಮಾನ್ಯವಾಗಿ ನಾಲ್ಕು ಮೀಟರಿನ ಆಸುಪಾಸು ಇರುವುದರಿಂದ ಈ ಗಾತ್ರದ ಅಂಕಣದಲ್ಲಿ ಜೋಡಣೆಗಳನ್ನು ತಪ್ಪಿಸಲಾಗದು. ಎಲ್ಲ ಸುರುಳಿಗಳ ಎಳೆಗಳೂ ಒಂದೇ ದಿಕ್ಕಿಗೆ ವಾಲಬೇಕು, ಇಲ್ಲವಾದರೆ ಒಂದೇ ಬಣ್ಣದ ಹಾಸು ಎರಡು ಬಣ್ಣದ್ದಾಗಿ ಕಾಣುತ್ತದೆ. ನಮ್ಮಲ್ಲಿ ದಿಕ್ಕು ಸರಿಯಿತ್ತು, ಆದರೆ ಎರಡನೆಯ ಮಳೆಗಾಲದಲ್ಲಿ ಒಂದು ಜೋಡಣೆ ಸುಮಾರು ಒಂದು ಗೇಣು ಬಿಟ್ಟುಕೊಂಡಿತು. ಹಸಿ ನೆಲದ ಮೇಲೆಯೇ ಅಂಟು ಹಚ್ಚಿದ್ದು ಕಾರಣವಿರಬಹುದು. ಹಾಸಿದವರು ಹಲವು ಬಾರಿ ನೆನಪಿಸಿದ ಮೇಲೆ ಬಂದು ಸರಿಪಡಿಸಿದರು. ಖಾತರಿ ಪತ್ರದಲ್ಲಿ ಎಳೆಯ ಬಣ್ಣ ಮಾಸುವುದರ ಬಗ್ಗೆ ಉದ್ದುದ್ದ ಬರೆದು ಜೋಡಣೆಯ ವಿಷಯದಲ್ಲಿ ಮೌನವಾಗಿರುವುದು ಈ ವ್ಯವಹಾರದ ರೂಢಿಯೋ ಏನೋ. ಗೆರೆಗಳನ್ನು ಬಣ್ಣದಿಂದ ಬರೆಸದೆ ಬಿಳಿ ಹಾಸನ್ನೇ ಕತ್ತರಿಸಿ ಕೂರಿಸಿದ್ದರಿಂದ ಅವು ಇಂದಿಗೂ ಮಾಸಿಲ್ಲ.

ನಿರ್ವಹಣೆಯೇ ಬೇಡ ಎಂಬ ಜಾಹೀರಾತಿನ ಮಾತನ್ನು ನಂಬಬಾರದು. ನೀರು, ಗೊಬ್ಬರ, ಕತ್ತರಿಸುವ ಯಂತ್ರ ಬೇಡ ಎಂಬುದಷ್ಟೇ ನಿಜ. ಹೆಚ್ಚು ಓಡಾಡುವ ಕಡೆ ಎಳೆಗಳು ಮಲಗುತ್ತವೆ, ಮರಳು ಅಂಚಿಗೆ ಸರಿಯುತ್ತದೆ. ಗಟ್ಟಿ ಕಡ್ಡಿಯ ಪೊರಕೆಯಿಂದ ಎಳೆಗಳು ವಾಲಿದ ದಿಕ್ಕಿಗೆ ಎದುರಾಗಿ ಗುಡಿಸಿ ಮರಳನ್ನು ಮತ್ತೆ ಹರಡದಿದ್ದರೆ ಚೆಂಡಿನ ಪುಟಿತ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಉದುರಿದ ಎಲೆಗಳನ್ನು ಅಲ್ಲೇ ಕೊಳೆಯಲು ಬಿಟ್ಟರೆ ಅಂಚಿನಲ್ಲಿ ಕಳೆ ಬೇರೂರುತ್ತದೆ. ಮರಳಿನ ಬದಲು ಹಳೆಯ ಟಯರುಗಳಿಂದ ಮಾಡಿದ ರಬ್ಬರ್ ಹರಳು ತುಂಬಿಸುವ ಸಲಹೆಯೂ ಬಂದಿತ್ತು. ಅದು ಮೈದಾನವನ್ನು ಮೆತ್ತಗಾಗಿಸುತ್ತದೆ, ನಿಜ. ಆದರೆ ಬಿಸಿಲಿಗೆ ಇನ್ನಷ್ಟು ಕಾಯುತ್ತದೆ, ಶೂಗಳಿಗೆ ಅಂಟಿ ಮನೆಯೊಳಗೆ ಬರುತ್ತದೆ, ಮಳೆನೀರಿನೊಂದಿಗೆ ಚರಂಡಿ ಸೇರುತ್ತದೆ. ಸೂಕ್ಷ್ಮ ಪ್ಲಾಸ್ಟಿಕ್ ಹರಡುವ ಕಾರಣಕ್ಕೆ ಯುರೋಪಿಯನ್ ಒಕ್ಕೂಟವು 2023ರಲ್ಲಿ ಇಂತಹ ಹರಳುಗಳ ಮಾರಾಟವನ್ನು ನಿರ್ಬಂಧಿಸುವ ನಿಯಮ ತಂದು, ಜಾರಿಗೆ ಎಂಟು ವರ್ಷಗಳ ಅವಧಿ ಕೊಟ್ಟಿದೆ. ಹಿತ್ತಲಿನ ಅಂಕಣಕ್ಕೆ ಅದು ಬೇಕಾಗಿಯೇ ಇಲ್ಲ.

ಇನ್ನು ಬಿಸಿಲಿನ ವಿಷಯ. ಜೀವಂತ ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ದಾರಿಯಿಲ್ಲ. ಕಡು ಬಿಸಿಲಿನಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ತಣಿಯುತ್ತದೆ, ಆದರೆ ಅದು ಆರುವವರೆಗೆ ಮಾತ್ರ. ಬೇಸಿಗೆಯಲ್ಲಿ ನಮ್ಮ ಅಂಕಣ ಬೆಳಗಿನ ಮತ್ತು ಸಂಜೆಯ ಆಟಕ್ಕಷ್ಟೇ. ನಡುಹಗಲಿನಲ್ಲಿ ಮಕ್ಕಳನ್ನು ಬರಿಗಾಲಿನಲ್ಲಿ ಬಿಡಲೇಬಾರದು. ಶಾಖ ತಡೆಯುವ ಲೇಪನವಿರುವ ಕಿಟಕಿ ಗಾಜುಗಳಿಂದ ಪ್ರತಿಫಲಿಸಿದ ಬಿಸಿಲು ಒಂದೆಡೆ ಕೇಂದ್ರೀಕರಿಸಿದರೆ ಎಳೆಗಳು ಕರಗುವುದೂ ಉಂಟು, ಹಾಗಾಗಿ ಜಾಗ ಆರಿಸುವಾಗಲೇ ಕಿಟಕಿಗಳತ್ತ ಒಮ್ಮೆ ನೋಡುವುದು ಒಳ್ಳೆಯದು.

ಆಟದ ದೃಷ್ಟಿಯಿಂದ ಹೇಳುವುದಾದರೆ, ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ, ಮಕ್ಕಳ ಫುಟ್‌ಬಾಲಿಗೆ, ಗಾಳಿಯಿಲ್ಲದ ಸಂಜೆಗಳಲ್ಲಿ ಬ್ಯಾಡ್ಮಿಂಟನ್ನಿಗೆ ಇದು ತೃಪ್ತಿಕರವಾಗಿದೆ. ಬ್ಯಾಸ್ಕೆಟ್‌ಬಾಲಿಗೆ ಒಗ್ಗುವುದಿಲ್ಲ, ಚೆಂಡನ್ನು ಪುಟಿಸುತ್ತ ಓಡುವ ಆಟಕ್ಕೆ ಕಾಂಕ್ರೀಟ್ ಅಥವಾ ಅಕ್ರಿಲಿಕ್ ನೆಲವೇ ಬೇಕು. ಬಿದ್ದರೆ ಕಾಂಕ್ರೀಟಿನಷ್ಟು ಪೆಟ್ಟಾಗದಿದ್ದರೂ ಜಾರಿದಾಗ ಮೊಣಕಾಲಿನ ಚರ್ಮ ತರಚುತ್ತದೆ.

ಹಾಸು ಇನ್ನೂ ಕೆಲವು ವರ್ಷ ಬಾಳುವಂತಿದೆ. ಅದನ್ನು ಬದಲಿಸುವ ಹೊತ್ತಿಗೆ ಜಲ್ಲಿಯ ತಳಪಾಯವನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಆದರೆ ಮರಳು ತುಂಬಿದ ಹಳೆಯ ಹಾಸು ವಿಪರೀತ ಭಾರದ್ದು, ಮರುಬಳಕೆಗೂ ಸುಲಭವಾಗಿ ಒದಗದು. ಅದನ್ನು ಹೊತ್ತೊಯ್ಯುವವರು ಯಾರು ಎಂಬುದನ್ನು ಹೊಸ ಹಾಸಿನ ಒಪ್ಪಂದದಲ್ಲೇ ಬರೆಸಿಕೊಳ್ಳುವುದಾಗಿ ನಿರ್ಧರಿಸಿದ್ದೇನೆ.